ಗ್ರಂಥಋಣವನ್ನು ಬರೆಯುವ ಬಗೆ

ಈ ಸಲದ ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಕವಿತೆಯನ್ನಾಗಲಿ ಕಥೆಯನ್ನಾಗಲಿ ಬರೆಯುವ ಶಕ್ತಿ ನನಗಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ. “ನಿಮ್ಮ ಮಳೆಯ ಲೇಖನ ತಿರುಗಿ ಬಂದಿತಲ್ಲ, ಅದನ್ನೇ ಬರೆಯಿರಿ” ಎಂದರು. ತಿರುಗಿ ಬಂದ ಲೇಖನದ ವೃತ್ತಾಂತವನ್ನು ನಾಲ್ಕು ಜನರ ಮುಂದೆ ಹೇಳುವುದು ಸ್ವಲ್ಪ ಸಂಕೋಚದ ವಿಷಯವೇ ಸರಿ. ಆದರೂ ಮುಂದಿನ ವರ್ಷ ಪ್ರಬಂಧ ಬರೆಯಬೇಕಾಗಿರುವ ಕಿರಿಯ ಸಹಪಾಠಿಗಳಿಗೆ ಇದರಿಂದ ಕೆಲವು ದಿನಗಳ ಶ್ರಮ ಉಳಿದೀತೆಂಬ ಆಸೆಯಿಂದ ಒಪ್ಪಿಕೊಂಡಿದ್ದೇನೆ. ತಪ್ಪುಗಳಿದ್ದಲ್ಲಿ ಅಧ್ಯಾಪಕ ವರ್ಗದವರು ತಿದ್ದಬೇಕಾಗಿ ಪ್ರಾರ್ಥನೆ.

ನನ್ನ ಊರು ಆಲ್ದೂರು. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಊರು, ಸುತ್ತಲೂ ಕಾಫಿ. ಕಾಫಿ ತೋಟಗಳಲ್ಲಿ ಹಿಂದಿನಿಂದಲೂ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯುಂಟು. ನಮ್ಮ ಕಡೆ ಮಳೆಯನ್ನು ಹೇಳುವುದು ಇಂಚು, ಸೆಂಟುಗಳಲ್ಲಿ; ನೂರು ಸೆಂಟಿಗೆ ಒಂದು ಇಂಚು. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಪೇಟೆಯಲ್ಲಿ ಇಬ್ಬರು ಎದುರಾದರೆ ಕ್ಷೇಮ ಸಮಾಚಾರಕ್ಕೆ ಮೊದಲು “ನಿಮ್ಮಲ್ಲಿ ಎಷ್ಟಾಯ್ತು?” ಎಂಬ ಪ್ರಶ್ನೆ. “ಎಂಬತ್ತೈದು ಸೆಂಟು” ಎಂದು ಉತ್ತರ. ಅದು ಹೂಮಳೆಯ ಕಾಲ. ಆ ಮಳೆ ಸರಿಯಾಗಿ ಒಂದು ಇಂಚಿನಷ್ಟು ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬಿಳಿ ಹೂವಾಗುತ್ತದೆ. ಬೀಳದಿದ್ದರೆ ಆ ವರ್ಷದ ಫಸಲಿನ ಆಸೆ ಕಡಿಮೆ. ನಮ್ಮ ಊರಿನ ಸಮೀಪದ ಒಂದು ತೋಟದಲ್ಲಿ 1971ರಿಂದ 2004ರ ವರೆಗೆ, ಅಂದರೆ ಮೂವತ್ತನಾಲ್ಕು ವರ್ಷಗಳ ಮಳೆಯ ಲೆಕ್ಕ ಒಂದೇ ಕೈಬರಹದಲ್ಲಿ ಇದ್ದಿತು. ನಮ್ಮ ಭೂಗೋಳ ಶಾಸ್ತ್ರದ ಉಪನ್ಯಾಸಕರ ಮಾರ್ಗದರ್ಶನದಲ್ಲಿ ಅದನ್ನು ಮಿಲಿಮೀಟರಿಗೆ ಪರಿವರ್ತಿಸಿ (ಎಂಬತ್ತೈದು ಸೆಂಟೆಂದರೆ 21.6 ಮಿಲಿಮೀಟರು), ಹೂಮಳೆಯ ದಿನಗಳು ಹೇಗೆ ಹಿಂದುಮುಂದಾಗಿವೆ ಎಂಬುದನ್ನು ಕುರಿತು ಒಂದು ಲೇಖನವನ್ನು ಸಿದ್ಧಪಡಿಸಿ, ನಮ್ಮಿಬ್ಬರ ಹೆಸರಿನಲ್ಲಿ ಒಂದು ವಿಜ್ಞಾನ ಪತ್ರಿಕೆಗೆ ಕಳುಹಿಸಿದೆವು.

ಹನ್ನೆರಡು ದಿನಗಳಲ್ಲಿ ಅದು ಮಿಂಚಂಚೆಯಲ್ಲಿ ಹಿಂತಿರುಗಿತು. ತಿರಸ್ಕಾರವಲ್ಲ, ವಿಮರ್ಶಕರಿಗೆ ಕಳುಹಿಸುವ ಮುನ್ನ ಸರಿಪಡಿಸಬೇಕಾದ ಅಂಶಗಳೆಂದು ಹದಿನೇಳು ಆಕ್ಷೇಪಣೆಗಳಿದ್ದವು. ಹದಿನೇಳೂ ಆಧಾರಗಳ ಬಗೆಗೆ. ಮಳೆಯ ವಿಚಾರವಾಗಿ ಒಂದೇ ಒಂದು ಮಾತಿಲ್ಲ! ನನಗೆ ಸಿಟ್ಟು ಬಂದಿತು. ಚುಕ್ಕಿ ಎಲ್ಲಿ, ಅಲ್ಪವಿರಾಮ ಎಲ್ಲಿ ಎಂದು ನೋಡುತ್ತ ಕುಳಿತವರಿಗೆ ಹೂಮಳೆಯ ಬೆಲೆ ಏನು ಗೊತ್ತು ಎಂದು ಉಪನ್ಯಾಸಕರ ಮುಂದೆ ಆಡಿಬಿಟ್ಟೆ. ಅವರು ನಗಲೂ ಇಲ್ಲ, ಗದರಲೂ ಇಲ್ಲ. “ಏಳನೆಯ ಆಕ್ಷೇಪಣೆಯನ್ನು ಓದಿ ಹೇಳು” ಎಂದರು.

ಏಳನೆಯದು ಹೀಗಿತ್ತು: ‘ಮೇನ್, 1932’ ಎಂದು ನೀವು ಹೇಳಿರುವ ಪುಟದಲ್ಲಿ ಅಂಥ ಬರಹವಿಲ್ಲ. ಸರಿಯಾದ ಪುಟವನ್ನು ತಿಳಿಸಿರಿ. ನೀವು ಅದನ್ನು ನೋಡಿದ್ದೀರಾ ಎಂಬುದನ್ನೂ ತಿಳಿಸಿರಿ.

ನಾನು ನೋಡಿರಲಿಲ್ಲ. ಬೇರೊಬ್ಬರ ಲೇಖನದ ಕೊನೆಯಲ್ಲಿದ್ದ ಸಾಲನ್ನು ಹಾಗೆಯೇ ಎತ್ತಿಕೊಂಡಿದ್ದೆ.

ಮೊದಲಿಗೆ ಈ ವಿಷಯದ ಸ್ಥೂಲ ರೂಪವನ್ನು ಹೇಳಿಬಿಡುತ್ತೇನೆ. ವಿಜ್ಞಾನದ ಲೇಖನದಲ್ಲಿ ಬೇರೆಯವರಿಂದ ಪಡೆದ ಸಂಗತಿ ಬಂದಲ್ಲಿ ಎರಡು ಕಡೆ ಗುರುತು ಹಾಕಬೇಕು. ಮಾತು ಬಂದ ಸ್ಥಳದಲ್ಲೇ ಒಂದು ಚಿಕ್ಕ ಗುರುತು; ಲೇಖನದ ಕೊನೆಯಲ್ಲಿ ಅದರ ಪೂರ್ಣ ವಿವರ. ಈ ಕೊನೆಯ ಪಟ್ಟಿಗೆ ನಮ್ಮ ಹಿರಿಯರು ‘ಗ್ರಂಥಋಣ’ ಎಂಬ ಒಳ್ಳೆಯ ಹೆಸರನ್ನು ಇಟ್ಟಿದ್ದಾರೆ. ಸ್ಥಳದಲ್ಲಿ ಹಾಕುವ ಗುರುತಿನಲ್ಲಿ ಮುಖ್ಯವಾಗಿ ಎರಡು ಸಂಪ್ರದಾಯಗಳು. ಒಂದರಲ್ಲಿ ಲೇಖಕನ ಹೆಸರು ಮತ್ತು ವರ್ಷವನ್ನು ಕಂಸದಲ್ಲಿ ಬರೆಯುತ್ತಾರೆ. ಇದನ್ನು ಹಾರ್ವರ್ಡ್ ಪದ್ಧತಿ ಎನ್ನುತ್ತಾರೆ. ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಎಂಬುವರು 1881ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದು ಮೊದಲು ಕಂಡಿತೆಂದು ಹೇಳುತ್ತಾರೆ. ಆ ಪ್ರಬಂಧ ಚಿಪ್ಪಿಲ್ಲದ ಬಸವನಹುಳುವನ್ನು ಕುರಿತದ್ದು. ಜುಲೈ ತಿಂಗಳಲ್ಲಿ ನಮ್ಮ ಮನೆಯ ಗೋಡೆಯ ಮೇಲೆಲ್ಲ ಹರಿದಾಡುವ ಆ ಪ್ರಾಣಿಯ ಕುಲಕ್ಕೆ ನಾವು ಇಷ್ಟು ಋಣಿಗಳೆಂದು ನನಗೆ ತಿಳಿದಿರಲಿಲ್ಲ. ಇನ್ನೊಂದು ಸಂಪ್ರದಾಯದಲ್ಲಿ ಬರಿಯ ಅಂಕೆ: ಮೊದಲು ಬಂದ ಆಧಾರಕ್ಕೆ 1, ಮುಂದಿನದಕ್ಕೆ 2, ಹೀಗೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿ ನಿಶ್ಚಯಿಸಿದ್ದರಿಂದ ಇದರ ಒಂದು ರೂಪಕ್ಕೆ ವ್ಯಾಂಕೂವರ್ ಪದ್ಧತಿ ಎಂದು ಹೆಸರಾಗಿದೆ. ಬೆಂಗಳೂರಿನಿಂದ 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯದೂ ಅಂಕೆಯ ಪದ್ಧತಿಯೇ. ಅದರ ಪಟ್ಟಿಯಲ್ಲಿ ಪತ್ರಿಕೆಯ ಹೆಸರಾದ ಮೇಲೆ ಮೊದಲು ವರ್ಷ, ಅನಂತರ ಸಂಪುಟ, ಆಮೇಲೆ ಪುಟ.

ಯಾವುದು ಮೇಲು ಎಂದು ಕೇಳಿದರೆ, ನಾವು ಕಳುಹಿಸುವ ಪತ್ರಿಕೆ ಯಾವುದನ್ನು ಕೇಳುತ್ತದೆಯೋ ಅದೇ ಮೇಲು. ಓದುಗನಾಗಿ ನನಗೆ ಹೆಸರು ವರ್ಷದ ಪದ್ಧತಿಯೇ ಇಷ್ಟ. ಯಾರು, ಯಾವ ಕಾಲದಲ್ಲಿ ಹೇಳಿದರು ಎಂಬುದು ಪುಟ ತಿರುವದೆಯೇ ತಿಳಿಯುತ್ತದೆ. ಅಂಕೆಯ ಪದ್ಧತಿಯಲ್ಲಿ ಕೈಯಿಂದ ಅಂಕೆ ಹಾಕುವವರಿಗೆ ಇನ್ನೊಂದು ಅಪಾಯವಿದೆ. ನಡುವೆ ಒಂದು ಆಧಾರವನ್ನು ಸೇರಿಸಿದರೆ ಮುಂದಿನವೆಲ್ಲ ಒಂದೊಂದು ಸ್ಥಾನ ಸರಿಯಬೇಕು. ಒಂದನ್ನು ಸರಿಸಲು ಮರೆತರೆ, ಯಾರದೋ ಮಾತು ಯಾರದೋ ಬಾಯಿಗೆ ಹೋಗುತ್ತದೆ. ಈಗ ಈ ಕೆಲಸವನ್ನು ಮಾಡಿಕೊಡುವ ಝೊಟೆರೊ ಮುಂತಾದ ತಂತ್ರಾಂಶಗಳು ಬಂದಿವೆ. ಅವುಗಳ ಮಾತು ಮುಂದೆ ಬರುತ್ತದೆ.

ಇನ್ನು ಆ ಮೇನ್ ಅವರ ವಿಷಯ. ನಮ್ಮ ಜಿಲ್ಲೆಯವರು ಇದನ್ನು ತಿಳಿದಿರಬೇಕು. ಮೈಸೂರು ಸಂಸ್ಥಾನದ ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ಆರಂಭಿಸಿತು. ಅದೇ ಇಂದು ಕಾಫಿ ಮಂಡಳಿಯ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ಅಲ್ಲಿ ಕೆಲಸ ಮಾಡುತ್ತಿದ್ದ ಮೇನ್ ಎಂಬ ವಿಜ್ಞಾನಿ, ಕಾಫಿ ಎಲೆಯ ತುಕ್ಕು ರೋಗವನ್ನುಂಟುಮಾಡುವ ಶಿಲೀಂಧ್ರ ನೋಡಲು ಒಂದೇ ಆದರೂ ಅದರೊಳಗೆ ಬೇರೆ ಬೇರೆ ಕುಲಗಳಿವೆ ಎಂಬುದನ್ನು ತೋರಿಸಿದರು. ಒಂದು ಕುಲಕ್ಕೆ ಬಗ್ಗದ ಕಾಫಿ ಗಿಡ ಇನ್ನೊಂದಕ್ಕೆ ಬಗ್ಗಬಹುದು. ತುಕ್ಕು ನಿರೋಧಕ ತಳಿಗಳನ್ನು ಹುಡುಕುವವರೆಲ್ಲ ಅಂದಿನಿಂದ ಇಂದಿನವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿಯಿದು. ಇದನ್ನು ಅವರು ಇಂಗ್ಲೆಂಡಿನ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿಯಾಗಿ ಕಳುಹಿಸಿದರು. ಹೆಸರು ವರ್ಷದ ಪದ್ಧತಿಯಲ್ಲಿ ಅದರ ವಿವರ ಹೀಗೆ ಬರುತ್ತದೆ:

ಮೇನ್, ಡಬ್ಲ್ಯು. ಡಬ್ಲ್ಯು. (1932). ಫಿಸಿಯಲಾಜಿಕಲ್ ಸ್ಪೆಷಲೈಸೇಷನ್ ಆಫ್ ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಬಿ. ಅಂಡ್ ಬಿಆರ್. ನೇಚರ್, 129, 510.

ಇದರಲ್ಲಿ ಒಂದೊಂದು ತುಂಡಿಗೂ ಒಂದೊಂದು ಕೆಲಸವಿದೆ. ಯಾರು, ಯಾವಾಗ, ಏನನ್ನು ಕುರಿತು, ಎಲ್ಲಿ, ಎಷ್ಟನೆಯ ಸಂಪುಟ, ಯಾವ ಪುಟ. ಸಂಪುಟದ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚುಮಾಡುವ ಪತ್ರಿಕೆಗಳುಂಟು, ಮಾಡದವೂ ಉಂಟು. ಜೀವಿಗಳ ಶಾಸ್ತ್ರೀಯ ಹೆಸರು ಮಾತ್ರ ಎಲ್ಲ ಕಡೆಯೂ ಓರೆ ಅಕ್ಷರದಲ್ಲಿರಬೇಕು. ನಾನು ಎತ್ತಿಕೊಂಡ ಸಾಲಿನಲ್ಲಿ 510 ಎಂಬುದು 570 ಆಗಿತ್ತು. ಯಾರದೋ ಕೈ ತಪ್ಪು; ಅದನ್ನು ನಾನು ಭಕ್ತಿಯಿಂದ ನಕಲು ಮಾಡಿದ್ದೆ.

ಒಂದು ಅಂಕಿಯಲ್ಲವೇ, ತಿದ್ದಿದರಾಯಿತು ಎಂದುಕೊಂಡು ‘ನೇಚರ್’ ಪತ್ರಿಕೆಯ ಹಳೆಯ ಸಂಪುಟವನ್ನು ಗಣಕಯಂತ್ರದಲ್ಲಿ ತೆರೆಸಿ ಓದಿದಾಗ ನನ್ನ ಮುಖ ಸಣ್ಣದಾಯಿತು. ನಾನು ಲೇಖನದಲ್ಲಿ ಬರೆದಿದ್ದದ್ದು, ‘ಮಳೆಯ ಹನಿಗಳಿಂದ ತುಕ್ಕು ರೋಗ ಹರಡುತ್ತದೆ (ಮೇನ್, 1932)’ ಎಂದು. ಆ ಟಿಪ್ಪಣಿಯ ವಿಷಯ ಶಿಲೀಂಧ್ರದ ಕುಲಭೇದ, ಮಳೆಯಲ್ಲ. ಅದರ ಶೀರ್ಷಿಕೆಯನ್ನು ಗಮನವಿಟ್ಟು ಓದಿದ್ದರೂ ಸಾಕಾಗಿತ್ತು! ಮಳೆಯ ಹನಿ ಸಿಡಿದು ತುಕ್ಕಿನ ಬೀಜಾಣುಗಳು ಹರಡುತ್ತವೆ ಎಂಬುದನ್ನು ವಾದಿಸಿದವರು ಕೀನ್ಯಾ ದೇಶದಲ್ಲಿ ಕೆಲಸ ಮಾಡಿದ ನಟ್ಮನ್, ರಾಬರ್ಟ್ಸ್ ಮತ್ತು ಬಾಕ್ ಎಂಬ ಮೂವರು, 1960ರಲ್ಲಿ. ಬಾಳೆಹೊನ್ನೂರಿನಲ್ಲಿ ಕುಳಿತು ಒಂದು ದೊಡ್ಡ ವಿಷಯವನ್ನು ಕಂಡುಹಿಡಿದವರ ಬಾಯಲ್ಲಿ, ಅವರಿಂದ ಮೂವತ್ತು ಮೈಲಿಯೊಳಗೆ ಹುಟ್ಟಿದ ನಾನು, ಅವರು ಆಡದ ಮಾತನ್ನು ಆಡಿಸಿದ್ದೆ. ಅವರು ನಿಜವಾಗಿ ಹೇಳಿದ್ದನ್ನು ಬಿಟ್ಟೂ ಬಿಟ್ಟಿದ್ದೆ.

ನನ್ನಂಥವರು ಬೇರೆ ಕಡೆಯೂ ಇದ್ದಾರೆಂಬುದು ಅನಂತರ ತಿಳಿಯಿತು. ಅಮೆರಿಕದಲ್ಲಿ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಇಬ್ಬರು 2003ರಲ್ಲಿ ಒಂದು ಸ್ವಾರಸ್ಯವಾದ ಲೆಕ್ಕವನ್ನು ಪ್ರಕಟಿಸಿದರು. 1973ರ ಒಂದು ಪ್ರಸಿದ್ಧ ಭೌತಶಾಸ್ತ್ರ ಪ್ರಬಂಧವನ್ನು ಸುಮಾರು 4300 ಲೇಖನಗಳು ಉಲ್ಲೇಖಿಸಿದ್ದವು. ಅವುಗಳಲ್ಲಿ 196 ಕಡೆ ವಿವರ ತಪ್ಪಾಗಿತ್ತು. ಪ್ರತಿಯೊಬ್ಬರೂ ತಾವೇ ತಪ್ಪಿದ್ದರೆ 196 ಬಗೆಯ ತಪ್ಪುಗಳಿರಬೇಕಾಗಿತ್ತು. ಇದ್ದದ್ದು 45 ಬಗೆ ಮಾತ್ರ. ಅದರಲ್ಲೂ ಒಂದೇ ತಪ್ಪು ಪುಟಸಂಖ್ಯೆ 78 ಸಲ! ಅಂದರೆ ಉಳಿದವರು ಮೂಲವನ್ನು ನೋಡದೆ ಪಟ್ಟಿಯಿಂದ ಪಟ್ಟಿಗೆ ನಕಲು ಮಾಡಿದ್ದರು. ಹೀಗೆ ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಐದರಲ್ಲಿ ಒಬ್ಬರು ಎಂದು ಅವರ ಅಂದಾಜು. ಪರೀಕ್ಷೆಯ ಕೊಠಡಿಯಲ್ಲಿ ಪಕ್ಕದವನ ತಪ್ಪು ಉತ್ತರವನ್ನು ನಕಲು ಮಾಡಿ ಸಿಕ್ಕಿಬೀಳುವುದಕ್ಕೂ ಇದಕ್ಕೂ ಏನು ಭೇದವೋ ನಾನು ಕಾಣೆ.

ಮೂಲ ನಿಜವಾಗಿ ಸಿಕ್ಕದಿದ್ದರೆ? ಅದಕ್ಕೂ ಕ್ರಮವಿದೆ. ತುಕ್ಕಿನ ಶಿಲೀಂಧ್ರಕ್ಕೆ ಹೆಸರಿಟ್ಟವರು ಬರ್ಕ್‌ಲಿ ಮತ್ತು ಬ್ರೂಮ್, 1869ರಲ್ಲಿ, ‘ಗಾರ್ಡನರ್ಸ್ ಕ್ರಾನಿಕಲ್’ ಎಂಬ ತೋಟಗಾರಿಕೆಯ ಪತ್ರಿಕೆಯಲ್ಲಿ. ಸಿಂಹಳದಿಂದ ಬಂದ ಎಲೆಗಳನ್ನು ನೋಡಿ. ಆ ಸಂಚಿಕೆಯನ್ನು ನಾನು ಕಣ್ಣಿನಿಂದ ಕಂಡಿಲ್ಲ. ಆದ್ದರಿಂದ ‘ಇಂಥವರ ಇಂಥ ಗ್ರಂಥದಲ್ಲಿ ಉಲ್ಲೇಖಿತ’ ಎಂದು ಸ್ಪಷ್ಟವಾಗಿ ಬರೆದು, ಪಟ್ಟಿಯಲ್ಲಿ ನಾನು ಓದಿದ ಗ್ರಂಥವನ್ನೇ ಸೇರಿಸಿದೆ. ಇದರಲ್ಲಿ ಅವಮಾನವೇನೂ ಇಲ್ಲ.

ಹದಿನೇಳರಲ್ಲಿ ಐದು ಆಕ್ಷೇಪಣೆಗಳು ಹೆಸರುಗಳಿಗೆ ಸಂಬಂಧಿಸಿದ್ದವು. ಕನ್ನಡಿಗರಿಗೆ ಇದು ದೊಡ್ಡ ತೊಡಕು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಈ ಪಟ್ಟಿಗಳ ನಿಯಮಗಳನ್ನು ಮಾಡಿದವರ ದೇಶದಲ್ಲಿ ಹೆಸರಿನ ಕೊನೆಯ ಭಾಗ ಮನೆತನದ್ದು, ಮೊದಲಿನದು ವ್ಯಕ್ತಿಯದು. ಆದ್ದರಿಂದ ಕೊನೆಯದನ್ನು ಮುಂದಕ್ಕೆ ತಂದು, ಮೊದಲಿನದನ್ನು ಅಕ್ಷರಕ್ಕೆ ಇಳಿಸಬೇಕೆಂದು ನಿಯಮ. ನಮ್ಮಲ್ಲಿ ಎಲ್ಲವೂ ತಿರುಗುಮುರುಗು. ಮೂಡಿಗೆರೆಯ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ಹೆಸರನ್ನೇ ತೆಗೆದುಕೊಳ್ಳಿ: ಕೆ. ಎಂದರೆ ಕುಪ್ಪಳಿ, ಊರು, ಪಿ. ಎಂದರೆ ಪುಟ್ಟಪ್ಪ, ತಂದೆ; ಉಳಿದದ್ದು ಅವರು. ಸಮಾಜಶಾಸ್ತ್ರದ ಎಂ. ಎನ್. ಶ್ರೀನಿವಾಸರ ಎಂ. ಎಂದರೆ ಮೈಸೂರು. ‘ಹಸುರು ಹೊನ್ನು’ ಬರೆದ ಬಿ. ಜಿ. ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಎಷ್ಟೋ ಪ್ರಬಂಧಗಳನ್ನು ಬರೆದವರು. ಅವರ ಬಿ. ಎಂದರೆ ಬೆಂಗಳೂರು, ಜಿ. ಎಂದರೆ ಗುಂಡಪ್ಪ, ಅಂದರೆ ಡಿ.ವಿ.ಜಿ.; ಆ ಡಿ.ವಿ.ಜಿ.ಯವರ ಡಿ. ಎಂದರೆ ದೇವನಹಳ್ಳಿ. ತಂದೆ ಮಕ್ಕಳ ಹೆಸರುಗಳಲ್ಲಿ ಮನೆತನದ ಗುರುತಾಗಿ ಒಂದಕ್ಷರವೂ ಸಮಾನವಾಗಿಲ್ಲ! ವಿದೇಶದ ಸೂಚೀಕಾರನಿಗೆ ಇದು ಹೇಗೆ ತಿಳಿಯಬೇಕು? ಸುದೈವದಿಂದ ಈ ಮಹನೀಯರ ಹೆಸರಿನ ಕೊನೆಯ ಭಾಗ ಅವರದೇ ಆದದ್ದರಿಂದ ‘ಸ್ವಾಮಿ, ಬಿ. ಜಿ. ಎಲ್.’ ಎಂದು ಬರೆದರೆ ಅರ್ಥ ಕೆಡದು.

ಕೆಡುವುದು ಊರಿನ ಹೆಸರನ್ನು ಪೂರ್ತಿಯಾಗಿ ಬರೆದಾಗ. ನನ್ನ ಹೆಸರಿನ ಹಿಂದೆ ‘ಆಲ್ದೂರು’ ಇದೆ. ಪತ್ರಿಕೆಯ ಅರ್ಜಿಯಲ್ಲಿ ಅಕ್ಷರವನ್ನು ಬಿಡಿಸಿ ಬರೆಯಬೇಕೆಂದು ಕೇಳಿದ್ದರಿಂದ, ಯಾವುದೋ ಮರೆವಿನಲ್ಲಿ ಅದನ್ನು ಮನೆತನದ ಮನೆಯಲ್ಲಿ ತುಂಬಿದೆ. ಲೇಖನ ಹಿಂತಿರುಗಿದಾಗ ಮೊದಲನೆಯ ಲೇಖಕ ‘ಆಲ್ದೂರು’ ಎಂದಿತ್ತು. ನಾನು ಒಂದಕ್ಷರಕ್ಕೆ ಇಳಿದುಹೋಗಿದ್ದೆ; ಊರೇ ಲೇಖನ ಬರೆದಂತಾಗಿತ್ತು. ಮನೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಆದರೆ ಒಂದು ಸಲ ಹೀಗೆ ಅಚ್ಚಾಗಿಬಿಟ್ಟರೆ ಮುಂದೆ ಉಲ್ಲೇಖಿಸುವವರೆಲ್ಲ ಹಾಗೆಯೇ ಬರೆಯುತ್ತಾರೆ. ಆದ್ದರಿಂದ ಮೊದಲ ಲೇಖನದ ಕಾಲಕ್ಕೇ ಹೆಸರನ್ನು ಹೇಗೆ ಬರೆಯಬೇಕೆಂದು ನಿಶ್ಚಯಿಸಿ, ಮುಂದೆ ಎಂದೂ ಬದಲಾಯಿಸದಿರುವುದು ಮೇಲು. ಹೆಸರಿನ ಜೊತೆಗೆ ಹದಿನಾರು ಸ್ಥಾನಗಳ ‘ಆರ್ಕಿಡ್’ ಎಂಬ ಗುರುತಿನ ಸಂಖ್ಯೆಯನ್ನು 2012ರಿಂದ ಕೊಡುತ್ತಿದ್ದಾರೆ, ಪುಕ್ಕಟೆಯಾಗಿ ಸಿಕ್ಕುತ್ತದೆ.

ಇಬ್ಬರು ಲೇಖಕರಿದ್ದಲ್ಲಿ ಇಬ್ಬರನ್ನೂ ಹೇಳಬೇಕು. ನಾವೆಲ್ಲ ‘ರಾಮನ್ ಪರಿಣಾಮ’ ಎನ್ನುತ್ತೇವೆ. ಆದರೆ 1928ರಲ್ಲಿ ‘ನೇಚರ್’ ಪತ್ರಿಕೆಯ 121ನೆಯ ಸಂಪುಟದ 501ನೆಯ ಪುಟದಲ್ಲಿ ಬಂದ ಟಿಪ್ಪಣಿಯ ಕೆಳಗೆ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಎಂದು ಎರಡು ಹೆಸರುಗಳಿವೆ. ಪರಿಣಾಮದ ಹೆಸರಿನಲ್ಲಿ ಇಲ್ಲದ ಕೃಷ್ಣನ್ನರು ಸರಿಯಾಗಿ ಬರೆದ ಪ್ರತಿಯೊಂದು ಗ್ರಂಥಋಣದಲ್ಲೂ ಇದ್ದಾರೆ. ಮೂವರು, ಅಥವಾ ಇನ್ನೂ ಹೆಚ್ಚು ಜನರಿದ್ದರೆ ಲೇಖನದ ಒಳಗೆ ‘ನಟ್ಮನ್ ಮತ್ತು ಇತರರು’ ಎಂದು ಸಂಕ್ಷೇಪಿಸಬಹುದು. ಕೊನೆಯ ಪಟ್ಟಿಯಲ್ಲಿ ಆ ‘ಇತರರು’ ಯಾರೆಂದು ಸಾಧ್ಯವಾದ ಮಟ್ಟಿಗೆ ಹೇಳಬೇಕು.

ಹೆಸರುಗಳ ನಡುವೆ ಬಿಡುವು ಇಡುವುದು ಕೂಡ ಸಣ್ಣ ವಿಷಯವಲ್ಲವೆಂಬುದಕ್ಕೆ ನಮ್ಮ ಕನ್ನಡದ ಅಧ್ಯಾಪಕರು ಒಂದು ನಿದರ್ಶನ ಕೊಟ್ಟರು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಹಿಂದಿನ ಗದ್ಯಲೇಖಕರ ಸ್ಮರಣೆ ಬರುತ್ತದೆ: ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಇವರ ಕನ್ನಡ ಕೃತಿಗಳು ಒಂದೂ ಉಳಿದಿಲ್ಲ. ಅಲ್ಲಿ ಬರೆದದ್ದರಿಂದ ಹೆಸರು ಉಳಿದಿದೆ. ಆದರೆ ವಿಮಳೋದಯನೆಂದರೆ ಒಬ್ಬನೇ, ಅಥವಾ ವಿಮಳ ಮತ್ತು ಉದಯ ಎಂಬ ಇಬ್ಬರೇ? ಪದ್ಯದಲ್ಲಿ ಸಂಧಿಯಾಗಿ ಕೂಡಿಹೋಗಿರುವುದರಿಂದ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು ಅಲ್ಪವಿರಾಮ ಇದ್ದಿದ್ದರೆ ಒಬ್ಬ ಲೇಖಕ ನಮಗೆ ಹೆಚ್ಚಾಗಿ ಸಿಕ್ಕುತ್ತಿದ್ದನೋ ಏನೋ.

ಪತ್ರಿಕೆಗಳ ಹೆಸರಿನ ಬಗೆಗೆ ಬೇಗ ಹೇಳಿ ಮುಗಿಸುತ್ತೇನೆ. ಪತ್ರಿಕೆ ಹೆಸರು ಬದಲಾಯಿಸಿದ್ದರೆ, ಆ ಲೇಖನ ಬಂದ ವರ್ಷದಲ್ಲಿ ಅದಕ್ಕೆ ಯಾವ ಹೆಸರಿತ್ತೋ ಅದನ್ನೇ ಬರೆಯಬೇಕು. ನಮ್ಮ ದೇಶದ ಹವಾಮಾನ ಇಲಾಖೆಯ ಪತ್ರಿಕೆ 1950ರಲ್ಲಿ ಆರಂಭವಾದಾಗ ‘ಇಂಡಿಯನ್ ಜರ್ನಲ್ ಆಫ್ ಮೀಟಿಯೊರಾಲಜಿ ಅಂಡ್ ಜಿಯೊಫಿಸಿಕ್ಸ್’, 1979ರಿಂದ ‘ಮೌಸಮ್’. ನಾನು 1950ರ ದಶಕದ ಒಂದು ಲೇಖನವನ್ನು ‘ಮೌಸಮ್’ ಎಂದು ಬರೆದಿದ್ದೆ. ಅದು ಒಂಬತ್ತನೆಯ ಆಕ್ಷೇಪಣೆ. ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ನಮ್ಮ ಜಿಲ್ಲೆಯ ಶಾಸನಗಳಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ 1901ರದು, ಅದರ ಮೇಲೆ ಕಡೂರು ಜಿಲ್ಲೆ ಎಂದೇ ಇದೆ, ಚಿಕ್ಕಮಗಳೂರು ಜಿಲ್ಲೆಯೆಂದು ಹುಡುಕಿದರೆ ಸಿಕ್ಕುವುದಿಲ್ಲ. ಇನ್ನು ಉದ್ದನೆಯ ಹೆಸರುಗಳನ್ನು ಮೊಟಕು ಮಾಡಲು ಅಂತರರಾಷ್ಟ್ರೀಯವಾಗಿ ಒಪ್ಪಿದ ಪಟ್ಟಿಯಿದೆ. ನಮಗೆ ತೋಚಿದಂತೆ ಕತ್ತರಿಸಬಾರದು. ‘ನೇಚರ್’ನಂಥ ಒಂದೇ ಪದದ ಹೆಸರನ್ನು ಕತ್ತರಿಸುವಂತೆಯೇ ಇಲ್ಲ.

ಈಗಿನ ಲೇಖನಗಳಿಗೆಲ್ಲ ಡಿ.ಓ.ಐ. ಎಂಬ ಶಾಶ್ವತ ಸಂಖ್ಯೆಯೊಂದಿದೆ. 1932ರಂಥ ಹಳೆಯವಕ್ಕೂ ಎಷ್ಟೋ ಕಡೆ ಕೊಟ್ಟಿದ್ದಾರೆ. ಜಾಲದ ವಿಳಾಸ ಬದಲಾದರೂ ಇದು ಬದಲಾಗದು. ಈ ಸಂಖ್ಯೆಯನ್ನು ಕೊಟ್ಟರೆ ನಾನು ಮೇಲೆ ಹೇಳಿದ ತಂತ್ರಾಂಶಗಳು ಉಳಿದ ವಿವರವನ್ನು ತಾವೇ ತುಂಬಿಕೊಂಡು, ಬೇಕಾದ ಪದ್ಧತಿಯಲ್ಲಿ ಪಟ್ಟಿಯನ್ನು ಕ್ಷಣಮಾತ್ರದಲ್ಲಿ ಅಣಿಮಾಡುತ್ತವೆ. ಅವುಗಳನ್ನು ಬಳಸಿರಿ, ಆದರೆ ಪೂರಾ ನಂಬಬೇಡಿ. ಅವು ಶಾಸ್ತ್ರೀಯ ಹೆಸರನ್ನು ಓರೆ ಮಾಡಲು ಮರೆಯುತ್ತವೆ, ನಮ್ಮ ಹೆಸರುಗಳನ್ನು ಮಗುಚುತ್ತವೆ. ಪ್ರಶ್ನೆಗೆ ಉತ್ತರ ಬರೆದುಕೊಡುವ ಇತ್ತೀಚಿನ ಕೃತಕ ಬುದ್ಧಿಯ ಯಂತ್ರಗಳಂತೂ ಇಲ್ಲದ ಲೇಖನಕ್ಕೂ ಲೇಖಕ, ವರ್ಷ, ಪುಟಗಳನ್ನು ಅಚ್ಚುಕಟ್ಟಾಗಿ ಕಟ್ಟಿಕೊಡಬಲ್ಲವು. ನಾನಾದರೋ ಇದ್ದ ಲೇಖನದ ಪುಟವನ್ನು ತಪ್ಪಾಗಿ ಬರೆದಿದ್ದೆ, ಅಷ್ಟೆ.

ಹದಿನೇಳನೆಯ ಆಕ್ಷೇಪಣೆ ಎಲ್ಲಕ್ಕಿಂತ ಚಿಕ್ಕದಾಗಿತ್ತು: ‘ತೋಟದ ಮಳೆ ಪುಸ್ತಕ’ ಪ್ರಕಟಿತವಲ್ಲ, ಪಟ್ಟಿಯಿಂದ ತೆಗೆಯಿರಿ.

ನಮ್ಮ ಲೇಖನದ ಜೀವವೇ ಅದು. ಮೂವತ್ತನಾಲ್ಕು ವರ್ಷ ಬೆಳಿಗ್ಗೆ ಎಂಟು ಗಂಟೆಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ ಬರೆದವರು ಆ ತೋಟದ ರೈಟರು. ನಾವು ಹುಡುಗರೆಲ್ಲ ಅವರನ್ನು ರೈಟರಜ್ಜ ಎಂದೇ ಕರೆಯುವುದು. ಅಚ್ಚಾ‍ದ ಮಾತಿಗೆ ಮಾತ್ರ ಪಟ್ಟಿಯಲ್ಲಿ ಜಾಗ, ಅಚ್ಚಾಗದ ದುಡಿಮೆಗೆ ಇಲ್ಲ ಎಂಬುದು ಅನೇಕ ಪತ್ರಿಕೆಗಳ ನಿಯಮ. ಅಂಥದನ್ನು ಒಳಗೇ ಕಂಸದಲ್ಲಿ ‘ಅಪ್ರಕಟಿತ’ ಎಂದು ತಿಳಿಸಿ, ಸಂಬಂಧಪಟ್ಟವರ ಲಿಖಿತ ಒಪ್ಪಿಗೆ ಪಡೆಯಬೇಕು. ಹಾಗಾದರೆ ಅವರನ್ನೂ ಲೇಖಕರೆಂದೇ ಸೇರಿಸಬಾರದೇಕೆ ಎಂದು ಕೇಳಿದೆ. ಬರಿಯ ಅಂಕಿಅಂಶ ಸಂಗ್ರಹಿಸಿದವರು ಲೇಖಕರೆನಿಸುವುದಿಲ್ಲ, ಬರವಣಿಗೆಯಲ್ಲೂ ಪಾಲಿರಬೇಕು, ಬರೆದದ್ದಕ್ಕೆ ಹೊಣೆಯನ್ನೂ ಹೊರಬೇಕು ಎಂದು ನಿಯಮವಿರುವುದಾಗಿ ಉಪನ್ಯಾಸಕರು ತಿಳಿಸಿದರು. ನಿಯಮಕ್ಕೆ ಕಾರಣವಿದೆ, ಒಪ್ಪುತ್ತೇನೆ. ಆದರೂ ಮೂರು ತಿಂಗಳು ಕುಳಿತು ಬರೆದ ನಾನು ಮೊದಲನೆಯ ಲೇಖಕ, ಮೂವತ್ತನಾಲ್ಕು ವರ್ಷ ಬರೆದವರು ಕಂಸದೊಳಗೆ ಎಂಬುದು ನನಗೆ ಇಂದಿಗೂ ಪೂರ್ತಿ ಸಮಾಧಾನವಾಗಿಲ್ಲ.

ಉಪನ್ಯಾಸಕರು ಆಗ ಸಸ್ಯಶಾಸ್ತ್ರದ ಒಂದು ರೂಢಿಯನ್ನು ನೆನಪಿಸಿದರು. ಅರೇಬಿಕಾ ಕಾಫಿಯ ಶಾಸ್ತ್ರೀಯ ಹೆಸರಿನ ಮುಂದೆ ‘ಎಲ್.’ ಎಂದಿರುತ್ತದೆ, 1753ರಲ್ಲಿ ಆ ಹೆಸರನ್ನು ಪ್ರಕಟಿಸಿದ ಲಿನ್ನೀಯಸ್ ಎಂದರ್ಥ. ರೋಬಸ್ಟಾದ ಹೆಸರಿನ ಮುಂದೆ ‘ಪಿಯರ್ ಎಕ್ಸ್ ಫ್ರೋನರ್’ ಎಂದಿದೆ. ಹೆಸರನ್ನು ಇಟ್ಟವನು ಪಿಯರ್. ಅವನು ಅದನ್ನು ಶಾಸ್ತ್ರೋಕ್ತವಾಗಿ ಪ್ರಕಟಿಸಿರಲಿಲ್ಲ. 1897ರಲ್ಲಿ ಪ್ರಕಟಿಸಿದವನು ಫ್ರೋನರ್. ‘ಎಕ್ಸ್’ ಎಂಬ ಎರಡಕ್ಷರದಿಂದ ಇಬ್ಬರಿಗೂ ಸಲ್ಲಬೇಕಾದದ್ದು ಸಂದಿದೆ. “ನಮಗೂ ಅಂಥದೊಂದು ದಾರಿ ಇದೆ” ಎಂದರು. ಆ ದಾರಿ ಯಾವುದೆಂದರೆ, ಮಳೆ ಪುಸ್ತಕದ ಪುಟಗಳ ಚಿತ್ರಗಳನ್ನೂ ಅಂಕಿಗಳನ್ನೂ ಸಾರ್ವಜನಿಕ ದತ್ತಾಂಶ ಭಂಡಾರವೊಂದರಲ್ಲಿ ಇಡುವುದು. ಯೂರೋಪಿನ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ‘ಝೆನೋಡೊ’ ಅಂಥದೊಂದು. ಇಟ್ಟ ಸಾಮಗ್ರಿಗೆ ಡಿ.ಓ.ಐ. ಸಂಖ್ಯೆ ಸಿಕ್ಕುತ್ತದೆ, ಕರ್ತೃವಿನ ಸ್ಥಾನದಲ್ಲಿ ಅದನ್ನು ಬರೆದವರ ಹೆಸರು ಇರುತ್ತದೆ, ಆಮೇಲೆ ಅದು ಗ್ರಂಥಋಣದಲ್ಲಿ ಉಳಿದವರ ಸಾಲಿನಲ್ಲೇ ನಿಲ್ಲುತ್ತದೆ.

ತೋಟದ ಮಾಲೀಕರು ಸಂತೋಷದಿಂದ ಅನುಮತಿ ಕೊಟ್ಟರು. ಒಪ್ಪಿಗೆಯ ಕಾಗದ ಹಿಡಿದು ಒಂದು ಭಾನುವಾರ ರೈಟರಜ್ಜನ ಮನೆಗೆ ಹೋದೆ. ಅವರಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂದ. ಕಾಗದವನ್ನು ನಾನೇ ಓದಿ ಹೇಳಿದೆ: 1971ರಿಂದ 2004ರ ವರೆಗಿನ ಎಲ್ಲ ಅಳತೆಗಳನ್ನು ಮಾಡಿದವರು ಇಂಥವರು, ಎಂದು. ಅವರು ಕೈ ಅಡ್ಡ ಹಿಡಿದರು.

“ಅದು ಸುಳ್ಳಾಗ್ತದೆ ಮಗು. ಎಂಬತ್ಮೂರು, ಎಂಬತ್ನಾಲ್ಕನೇ ಇಸವಿ ನಾನು ಮಲಗಿದ್ದೆ. ಆ ಎರಡು ಮಳೆಗಾಲ ಅಳೆದದ್ದು ಇವಳು.”

“ಆದರೆ ಅಜ್ಜ, ಬರವಣಿಗೆ ನಿಮ್ಮದೇ ಅಲ್ಲವೇ?” ಎಂದೆ.

“ಇವಳಿಗೆ ಅಂಕಿ ಬರ್ತಿತ್ತು, ಪುಸ್ತಕ ಮುಟ್ಟೋಕೆ ಹೆದರಿಕೆ. ಗೋಡೆ ಮೇಲೆ ಇದ್ದಿಲಲ್ಲಿ ಬರೀತಿದ್ದಳು. ಸಂಜೆ ನಾನು ಮಲಗಿದ ಕಡೆಯಿಂದಲೇ ಪುಸ್ತಕಕ್ಕೆ ಇಳಿಸ್ತಿದ್ದೆ.”

ಅಜ್ಜಿ ಒಳಗಿನಿಂದ, “ಅದನ್ನೆಲ್ಲ ಯಾಕೆ ಹೇಳ್ತೀರಿ, ಒಂದೆರಡು ಸಲ ನಾನು ಮರೆತು ಮಧ್ಯಾಹ್ನ ಅಳೆದದ್ದೂ ಉಂಟು” ಎಂದರು. ನಾನು ಆ ಮಾತನ್ನೂ ಬರೆದುಕೊಂಡೆ. ನಮ್ಮ ಕೋಷ್ಟಕದಲ್ಲಿ ಆ ಎರಡು ವರ್ಷಗಳಿಗೆ ಒಂದು ಅಡಿಟಿಪ್ಪಣಿ ಬಂದಿತು. ಒಂದೇ ಕೈಬರಹವಾದದ್ದರಿಂದ ಒಬ್ಬರೇ ಅಳೆದಿದ್ದಾರೆಂದು ನಾನು ಲೇಖನದಲ್ಲಿ ಬರೆದಿದ್ದ ವಾಕ್ಯವನ್ನು ಹೊಡೆದುಹಾಕಬೇಕಾಯಿತು.

ಭಂಡಾರದ ಅರ್ಜಿ ತುಂಬುವಾಗ ಮತ್ತೆ ಹೆಸರಿನ ತೊಡಕು. ಅಜ್ಜಿಗೆ ಇರುವುದು ಒಂದೇ ಹೆಸರು. ಊರಿನ ಅಕ್ಷರವೂ ಇಲ್ಲ, ತಂದೆಯ ಅಕ್ಷರವೂ ಇಲ್ಲ. ಗಂಡನ ಹೆಸರನ್ನು ಸೇರಿಸಲೇ ಎಂದು ಕೇಳಿದ್ದಕ್ಕೆ, “ಅಳೆದದ್ದು ನಾನಲ್ಲವಾ?” ಎಂದರು. ಒಂದೇ ಹೆಸರನ್ನು ಒಂದು ಮನೆಯಲ್ಲಿ ಬರೆದು ಇನ್ನೊಂದನ್ನು ಖಾಲಿ ಬಿಟ್ಟೆವು. ಇಬ್ಬರ ಹೆಸರನ್ನೂ ಈ ಸಂಚಿಕೆಯಲ್ಲಿ ಹಾಕಲು ಕೇಳಿದಾಗ ಮಾತ್ರ ಒಪ್ಪಲಿಲ್ಲ. ಪರದೇಶದ ಪುಸ್ತಕದಲ್ಲಿ ಯಾರು ನೋಡುತ್ತಾರೆ, ಕಾಲೇಜಿನ ಪುಸ್ತಕದಲ್ಲಾದರೆ ಆಲ್ದೂರಿನವರೆಲ್ಲ ನೋಡಿ ನಗುತ್ತಾರೆ ಎಂದು ಅವರ ವಾದ.

ತಿದ್ದಿದ ಲೇಖನವನ್ನು ಪುನಃ ಕಳುಹಿಸಿದೆವು. ಈ ಸಲದ ಪಟ್ಟಿಯಲ್ಲಿ ಮೂವತ್ತೊಂದು ಆಧಾರಗಳಿದ್ದವು. ಮೂವತ್ತೊಂದನ್ನೂ ಮೂಲದಲ್ಲೇ ತೆರೆದು, ಪುಟವನ್ನು ಬೆರಳಿಟ್ಟು ನೋಡಿದ್ದೆ. ವಾರದೊಳಗೆ ಉತ್ತರ ಬಂದಿತು. ವಿಮರ್ಶಕರಿಗೆ ಕಳುಹಿಸಿದ್ದೇವೆ, ಒಂದು ಸಂದೇಹ ಮಾತ್ರ ಉಳಿದಿದೆ: ಮಳೆ ಪುಸ್ತಕದ ಉಲ್ಲೇಖದಲ್ಲಿ ಪುಟಸಂಖ್ಯೆಯಿಲ್ಲವಲ್ಲ, ಎಂದು. ಪುಸ್ತಕಕ್ಕೆ ಪುಟಸಂಖ್ಯೆ ಹಾಕಿಲ್ಲ, ತಾರೀಖು ಇದೆ ಎಂದು ಬರೆದು ಕಳುಹಿಸಿದೆವು.